ಇಂಡಿಯಾನಾ ಈ ಸಲವೂ ಗೆಲ್ಲುತ್ತಾ? ಆಟಗಾರರನ್ನು ಆರಿಸುವ ಬಗೆ ನೋಡಿದರೆ ಗೊತ್ತಾಗುತ್ತದೆ

ಪ್ರಶ್ನೆ: ನನ್ನ ಮಗಳು ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿರುವ ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಜನವರಿಯಲ್ಲಿ ಅವರ ಫುಟ್‌ಬಾಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗಿನಿಂದ ಫೋನಿನಲ್ಲಿ ಅದೇ ಮಾತು. ಸೋಲಿಗೇ ಹೆಸರಾಗಿದ್ದ ತಂಡವಂತೆ. ಎರಡೇ ವರ್ಷದಲ್ಲಿ ಇದು ಹೇಗಾಯಿತು? ಆಟಗಾರರನ್ನು ಎಲ್ಲಿಂದ ತರುತ್ತಾರೆ? ದುಡ್ಡು ಕೊಟ್ಟು ಕೊಳ್ಳುತ್ತಾರಾ? ಮುಂದಿನ ಸೀಸನ್‌ನಲ್ಲೂ ಗೆಲ್ಲುವ ಆಸೆ ಇಟ್ಟುಕೊಳ್ಳಬಹುದಾ? (ಮೈಸೂರಿನ ಓದುಗರೊಬ್ಬರು)

ಉತ್ತರ:

ಆಸೆ ಖಂಡಿತ ಇಟ್ಟುಕೊಳ್ಳಿ. 12 ತಂಡಗಳ ಪ್ಲೇಆಫ್‌ಗೆ ಇಂಡಿಯಾನಾ ಈ ಸಲವೂ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ಆದರೆ ಕಳೆದ ಸಲದ ಹಾಗೆ ಆಡಿದ 16 ಪಂದ್ಯಗಳನ್ನೂ ಗೆಲ್ಲುತ್ತಾರೆ ಅಂತ ಮಾತ್ರ ಕಾಯಬೇಡಿ. ಅದಕ್ಕೂ ಮುಂಚೆ ದೊಡ್ಡ ಕಾಲೇಜು ಫುಟ್‌ಬಾಲ್‌ನಲ್ಲಿ 16-0 ಆಗಿದ್ದು 1894ರಲ್ಲಿ, ಯೇಲ್ ತಂಡಕ್ಕೆ. ಅಂಥದ್ದು ವರ್ಷ ವರ್ಷ ಆಗುವುದಿಲ್ಲ.

ನಿಮ್ಮ ಮಗಳು ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇಲ್ಲ. ಇಂಡಿಯಾನಾ ರಾಜ್ಯಕ್ಕೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಈ ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ, ಅಲ್ಲಿ ಚಳಿಗಾಲ ಬರುವವರೆಗೆ ಹೊತ್ತು ಕಳೆಯುವ ದಾರಿ ಅಷ್ಟೇ ಆಗಿತ್ತು. ದೊಡ್ಡ ಕಾಲೇಜು ತಂಡಗಳಲ್ಲೆಲ್ಲ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡ ಅನ್ನುವ ಹಣೆಪಟ್ಟಿ ಅದರ ಮೇಲಿತ್ತು. 2023ರಲ್ಲಿ 3 ಗೆಲುವು, 9 ಸೋಲು. ತಾವು ಆಡುವ ಬಿಗ್ ಟೆನ್ ಲೀಗ್ ಅನ್ನು ಅವರು ಅದಕ್ಕೆ ಮೊದಲು ಗೆದ್ದಿದ್ದು 1967ರಲ್ಲಿ.

ಆ ಸೋಲಿನ ಸೀಸನ್ ಮುಗಿಯುತ್ತಿದ್ದಂತೆ, 2023ರ ನವೆಂಬರ್ ಕೊನೆಯಲ್ಲಿ, ಕರ್ಟ್ ಸಿಗ್ನೆಟ್ಟಿ ಎಂಬ ಕೋಚನ್ನು ಕರೆತಂದರು. ಆಗಲೇ ಅವರಿಗೆ 62 ವರ್ಷ. ಬಂದಿದ್ದು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ. ಅಲ್ಲಿ ಐದು ವರ್ಷದಲ್ಲಿ 52 ಗೆದ್ದು ಬರೀ 9 ಸೋತಿದ್ದರು. ಅದಕ್ಕೂ ಹಿಂದೆ ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ಆಟಗಾರರನ್ನು ಸೇರಿಸಿಕೊಳ್ಳುವ ಕೆಲಸ ನೋಡಿಕೊಂಡಿದ್ದರು. ಆ ಒಳ್ಳೆ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಪೆನ್ಸಿಲ್ವೇನಿಯಾದ ಒಂದು ಎರಡನೇ ದರ್ಜೆಯ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದವರು. ಅದೇ ಕಾಲೇಜಿಗೆ ಹಿಂದೆ ಅವರ ಅಪ್ಪ ಕೋಚ್ ಆಗಿದ್ದರು. ಇಂಡಿಯಾನಾಕ್ಕೆ ಬಂದ ಹೊಸದರಲ್ಲಿ ಪತ್ರಕರ್ತರು ಕೇಳಿದರು: ಇಷ್ಟು ಸೋತಿರುವ ತಂಡಕ್ಕೆ ಬನ್ನಿ ಅಂತ ಹುಡುಗರನ್ನು ಹೇಗೆ ಒಪ್ಪಿಸುತ್ತೀರಿ? ಸಿಗ್ನೆಟ್ಟಿ ಹೇಳಿದ್ದು ಇಷ್ಟೇ: ಸಿಂಪಲ್, ನಾನು ಗೆಲ್ತೀನಿ, ಗೂಗಲ್ ಮಾಡಿ ನೋಡಿ. ಆ ಮಾತು ದೇಶವೆಲ್ಲ ಓಡಾಡಿತು.

ಅವರು ಮಾಡಿದ್ದು ಯಾಕೆ ದೊಡ್ಡದು ಅಂತ ತಿಳಿಯಬೇಕಾದರೆ ಹಳೇ ಪದ್ಧತಿ ಗೊತ್ತಿರಬೇಕು. ಅಮೆರಿಕದಲ್ಲಿ ಹೈಸ್ಕೂಲ್ ಹುಡುಗರ ಆಟ ನೋಡಿ ಸ್ಟಾರ್ ಕೊಡುವ ವೆಬ್‌ಸೈಟ್‌ಗಳಿವೆ. ಎರಡು ಸ್ಟಾರ್‌ನಿಂದ ಐದು ಸ್ಟಾರ್‌ವರೆಗೆ. ಐದು ಸ್ಟಾರ್ ಸಿಗುವುದು ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಮೂವತ್ತು ಚಿಲ್ಲರೆ ಹುಡುಗರಿಗೆ. ಅವರಲ್ಲಿ ಬಹುಪಾಲು ಜನ ಅಲಬಾಮಾ, ಜಾರ್ಜಿಯಾ, ಓಹಿಯೋ ಸ್ಟೇಟ್‌ನಂಥ ನಾಲ್ಕಾರು ತಂಡಗಳ ಪಾಲು. ಈ ಸ್ಟಾರ್ ಲೆಕ್ಕ ಶುರುವಾದ ಮೇಲೆ ಚಾಂಪಿಯನ್ ಆದ ತಂಡಗಳಲ್ಲೆಲ್ಲ ಅರ್ಧಕ್ಕಿಂತ ಜಾಸ್ತಿ ಹುಡುಗರು ನಾಲ್ಕು ಇಲ್ಲವೇ ಐದು ಸ್ಟಾರ್‌ನವರೇ ಇದ್ದರು. ಇದನ್ನು ಯಾರೂ ಮುರಿಯಲಾಗದ ನಿಯಮ ಅಂತಲೇ ಎಲ್ಲರೂ ನಂಬಿದ್ದರು. ಮೊದಲು ಮುರಿದಿದ್ದು ಇಂಡಿಯಾನಾ. ಆ ತಂಡದಲ್ಲಿ ಒಬ್ಬನೇ ಒಬ್ಬ ಐದು ಸ್ಟಾರ್ ಹುಡುಗ ಇರಲಿಲ್ಲ.

ಹೀಗೆ ಮುರಿಯಲು ದಾರಿ ಮಾಡಿಕೊಟ್ಟಿದ್ದು ಎರಡು ಬದಲಾವಣೆ, ಎರಡೂ 2021ರಲ್ಲಿ ಬಂದವು. ಒಂದು, ಆಟಗಾರ ತನ್ನ ಹೆಸರು, ಮುಖ ಬಳಸಿಕೊಂಡು ಜಾಹೀರಾತಿನಿಂದ ದುಡ್ಡು ಮಾಡಬಹುದು. ಇನ್ನೊಂದು, ಕಾಲೇಜು ಬದಲಿಸಿದರೆ ಮೊದಲಿನ ಹಾಗೆ ಒಂದು ವರ್ಷ ಸುಮ್ಮನೆ ಕೂರಬೇಕಿಲ್ಲ. 2024ರ ಏಪ್ರಿಲ್‌ನಿಂದ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬೇರೆ ಕಡೆ ಹೋಗಲು ಮನಸ್ಸಿರುವವರು ಹೆಸರು ಬರೆಸುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಪಟ್ಟಿಯಲ್ಲಿ ಹೆಸರು ಬಂದ ಕ್ಷಣದಿಂದ ಯಾವ ಕೋಚ್ ಬೇಕಾದರೂ ಆ ಹುಡುಗನಿಗೆ ಫೋನ್ ಮಾಡಬಹುದು.

ಪೋರ್ಟಲ್ ಎಲ್ಲರಿಗೂ ತೆರೆದೇ ಇದೆ. ಹಾಗಾದರೆ ಎಲ್ಲರೂ ಯಾಕೆ ಗೆಲ್ಲಲಿಲ್ಲ? ಕೊಲರಾಡೊದಲ್ಲಿ ಕೋಚ್ ಡಿಯಾನ್ ಸ್ಯಾಂಡರ್ಸ್ 2023ರಲ್ಲಿ ಹಳಬರಲ್ಲಿ ಬಹುಪಾಲು ಜನರನ್ನು ಕಳಿಸಿ ಪೋರ್ಟಲ್‌ನಿಂದ ಹೊಸ ತಂಡವನ್ನೇ ಕಟ್ಟಿದರು. ಆ ವರ್ಷ 4-8, ಅಂದರೆ 4 ಗೆಲುವು, 8 ಸೋಲು. ಮರುವರ್ಷ 9-4ಕ್ಕೆ ಏರಿದರು, 2025ರಲ್ಲಿ ಮತ್ತೆ 3-9ಕ್ಕೆ ಬಿದ್ದರು. ಇನ್ನೊಂದು ತುದಿಯಲ್ಲಿ ಕ್ಲೆಮ್ಸನ್‌ನ ಕೋಚ್ ಡಾಬೊ ಸ್ವಿನಿ. ಹೈಸ್ಕೂಲ್‌ನಿಂದ ತಂದವರನ್ನೇ ಬೆಳೆಸುತ್ತೇನೆ ಅಂತ ಪೋರ್ಟಲ್ ಕಡೆ ತಲೆ ಹಾಕದೆ ವರ್ಷಗಟ್ಟಲೆ ಕೂತರು. 2025ರಲ್ಲಿ ಚಾಂಪಿಯನ್ ಆಗಬಹುದು ಅನ್ನಿಸಿಕೊಂಡಿದ್ದ ಅವರ ತಂಡ 7-6ರಲ್ಲಿ ಮುಗಿಸಿತು. ಅಂದರೆ ಪೋರ್ಟಲ್ ಬಳಸಿದ ಮಾತ್ರಕ್ಕೆ ಗೆಲುವು ಬರುವುದಿಲ್ಲ, ಅದನ್ನು ದೂರ ಇಟ್ಟರೂ ನಡೆಯುವುದಿಲ್ಲ. ಅದರಲ್ಲಿ ಯಾರನ್ನು ಹುಡುಕುತ್ತೀರಿ ಅನ್ನುವುದೇ ಮುಖ್ಯ.

ಸಿಗ್ನೆಟ್ಟಿ ಹುಡುಕುವುದು ಈಗಾಗಲೇ ಮೈದಾನದಲ್ಲಿ ಮಾಡಿ ತೋರಿಸಿದವರನ್ನು. ಮುಂದೆ ಚೆನ್ನಾಗಿ ಆಡಬಹುದು ಅನ್ನುವ ಭರವಸೆಗೆ ಅವರು ಜಾಸ್ತಿ ಬೆಲೆ ಕೊಡುವುದಿಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಹೇಳಬೇಕೆಂದರೆ, ಅಂಡರ್-19ರಲ್ಲಿ ಮಿಂಚಿದ ಹುಡುಗನಿಗೆ ಕೋಟಿ ಸುರಿಯುವ ಬದಲು ನಾಲ್ಕು ವರ್ಷ ರಣಜಿಯಲ್ಲಿ ಸಾಲಾಗಿ ರನ್ ಹೊಡೆದು ಯಾರ ಕಣ್ಣಿಗೂ ಬೀಳದವನನ್ನು ಕರೆದುಕೊಂಡು ಬಂದ ಹಾಗೆ. ಎಷ್ಟು ಪಂದ್ಯ ಮೊದಲಿನಿಂದ ಆಡಿದ್ದಾನೆ, ಗಾಯ ಆಗದೆ ಸೀಸನ್ ಮುಗಿಸಿದ್ದಾನಾ, ತಂಡ ಸೋಲುತ್ತಿರುವಾಗ ಕೊನೆಯ ಹತ್ತು ನಿಮಿಷ ಹೇಗೆ ಓಡುತ್ತಾನೆ, ಇವೆಲ್ಲ ವಿಡಿಯೋದಲ್ಲಿ ಕಾಣುತ್ತದೆ. ಎತ್ತರ, ತೂಕ, ಓಟದ ವೇಗ ಆಮೇಲಿನ ಮಾತು.

ಅವರ ಜೊತೆ ಜೇಮ್ಸ್ ಮ್ಯಾಡಿಸನ್‌ನಿಂದಲೇ 13 ಹುಡುಗರು ಇಂಡಿಯಾನಾಕ್ಕೆ ಬಂದರು. ಸ್ಟಾರ್ ಲೆಕ್ಕದಲ್ಲಿ ಯಾರೂ ದೊಡ್ಡವರಲ್ಲ. ಆಗ ಆ ಸುದ್ದಿಗೆ ಯಾರೂ ಕಿವಿಗೊಡಲಿಲ್ಲ. ಅವರಲ್ಲೊಬ್ಬ ಡಿಏಂಜೆಲೊ ಪಾಂಡ್ಸ್. ಐದು ಅಡಿ ಒಂಬತ್ತು ಇಂಚು. ಎದುರಾಳಿಗೆ ಬರುವ ಪಾಸ್ ತಡೆಯುವ ಕಾರ್ನರ್‌ಬ್ಯಾಕ್‌ಗೆ ಇದು ಕುಳ್ಳು ಅಂತ ದೊಡ್ಡ ಕಾಲೇಜುಗಳ ತಕರಾರು. ಈ ಜನವರಿ 9ರಂದು ಪೀಚ್ ಬೌಲ್ ಎಂಬ ಹೆಸರಿನ ಪ್ಲೇಆಫ್ ಸೆಮಿಫೈನಲ್‌ನಲ್ಲಿ ಒರೆಗಾನ್ ಎಸೆದ ಮೊದಲನೇ ಚೆಂಡನ್ನೇ ಆತ ಕಿತ್ತುಕೊಂಡು ಓಡಿ ಗೋಲ್ ಗೆರೆ ದಾಟಿದ. ಜನ ಇನ್ನೂ ಸೀಟು ಹುಡುಕುತ್ತಿರುವಾಗಲೇ 7-0. ಕೊನೆಗೆ 56-22. ಇನ್ನೊಬ್ಬ ಮಿಕೇಲ್ ಕಮಾರಾ. ಜನವರಿ 19ರ ಫೈನಲ್‌ನಲ್ಲಿ ಮಯಾಮಿ ತಂಡದ ಪಂಟ್‌ಗೆ, ಅಂದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವಾಗ ದೂರಕ್ಕೆ ಒದೆಯುವ ಒದೆತಕ್ಕೆ, ಅಡ್ಡ ಬಿದ್ದು ತಡೆದವನು ಅವನೇ. ಗೆರೆಯಾಚೆ ಉರುಳಿದ ಚೆಂಡಿನ ಮೇಲೆ ಜೊತೆಗಾರ ಬಿದ್ದ, ಟಚ್‌ಡೌನ್. ಅದಕ್ಕೆ ಆರು ಪಾಯಿಂಟ್, ಅದರ ಮೇಲೆ ಒದ್ದರೆ ಇನ್ನೊಂದು. ಆ ಪಂದ್ಯ ಗೆದ್ದಿದ್ದು 27-21ರಲ್ಲಿ. ಅಂತರ ಬರೀ ಆರು ಪಾಯಿಂಟ್ ಅಂದಮೇಲೆ ಆ ಒಂದು ತಡೆಯ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆದರೂ ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದವನು ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ. ತಂಡದ ಆಟವನ್ನೆಲ್ಲ ನಡೆಸುವ, ಚೆಂಡು ಎಸೆಯುವ ಜಾಗ ಅದು. ಮಯಾಮಿಯಲ್ಲಿ ಬೆಳೆದ ಈ ಹುಡುಗನನ್ನು ಹೈಸ್ಕೂಲ್ ಮುಗಿಸುವಾಗ ದೊಡ್ಡ ತಂಡಗಳು ಕಣ್ಣೆತ್ತಿಯೂ ನೋಡಲಿಲ್ಲ. ಯೇಲ್‌ಗೆ ಬರುತ್ತೇನೆ ಅಂತ ಮಾತು ಕೊಟ್ಟಿದ್ದ. ಕೊನೇ ಗಳಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಎದುರಾಳಿಗಳಿಂದ ಅವನನ್ನು ಕಾಪಾಡುವ ಆಟಗಾರರು ಗಟ್ಟಿ ಇರಲಿಲ್ಲ. ಪಂದ್ಯ ಪಂದ್ಯಕ್ಕೂ ನೆಲಕ್ಕೆ ಬೀಳುತ್ತಿದ್ದ, ಎದ್ದು ಮತ್ತೆ ಎಸೆಯುತ್ತಿದ್ದ. ಅದನ್ನು ನೋಡಿಯೇ ಇಂಡಿಯಾನಾ ಅವನನ್ನು ಕರೆದಿದ್ದು. ಅವನ ತಮ್ಮ ಅಲ್ಬರ್ಟೊ ಆಗಲೇ ಇದೇ ತಂಡದಲ್ಲಿದ್ದ, ಅದೂ ಅನುಕೂಲ ಆಯಿತು. ಒಂದೇ ಸೀಸನ್ ಆಡಿದ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಇಂಡಿಯಾನಾದಲ್ಲಿ ಅದನ್ನು ಗೆದ್ದವರು ಅವನಿಗಿಂತ ಮುಂಚೆ ಯಾರೂ ಇಲ್ಲ.

ಫೈನಲ್‌ನ ಕೊನೆಯ ಭಾಗ. ಇಂಡಿಯಾನಾ 17, ಮಯಾಮಿ 14. ಹತ್ತು ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತದೆ. ಇದು ನಾಲ್ಕನೇ ಪ್ರಯತ್ನ, ಇನ್ನೂ ನಾಲ್ಕು ಗಜ ಬೇಕು, ಗೋಲ್ ಗೆರೆ ಹನ್ನೆರಡು ಗಜ ದೂರ. ಸಾಮಾನ್ಯವಾಗಿ ಒದ್ದು ಮೂರು ಪಾಯಿಂಟ್ ತೆಗೆದುಕೊಳ್ಳುತ್ತಾರೆ. ಒದೆಯುವವರು ಮೈದಾನಕ್ಕೆ ಬಂದೂ ಆಗಿತ್ತು. ಸಿಗ್ನೆಟ್ಟಿ ಟೈಮ್‌ಔಟ್ ತೆಗೆದುಕೊಂಡು ಅವರನ್ನು ವಾಪಸ್ ಕರೆದರು. ಮೆಂಡೋಜಾ ಚೆಂಡು ಹಿಡಿದು ತಾನೇ ನುಗ್ಗಿದ. ಅವನೇನು ಓಟಗಾರನಲ್ಲ. ಒಬ್ಬರಾದ ಮೇಲೊಬ್ಬರು ಮೈಮೇಲೆ ಬಿದ್ದರು, ತಿರುಗಿ ಕಾಲೂರಿ ನಿಂತ, ಮತ್ತೆ ಮುಂದಕ್ಕೆ ಹಾರಿ ಎರಡೂ ಕೈ ಚಾಚಿ ಚೆಂಡನ್ನು ಗೆರೆ ದಾಟಿಸಿದ. ಬರ್ಕ್ಲಿಯ ಹಳೇ ವಿಡಿಯೋದಲ್ಲಿ ಕೋಚ್‌ಗಳು ಕಂಡಿದ್ದು ಈ ಗುಣವನ್ನೇ.

ಎಲ್ಲರೂ ಹೊರಗಿನವರೇ ಅಂದುಕೊಳ್ಳಬೇಡಿ. ಇಲ್ಲೇ ಬೆಳೆದವರೂ ಇದ್ದಾರೆ. ನವೆಂಬರ್‌ನಲ್ಲಿ ಪೆನ್ ಸ್ಟೇಟ್ ಎದುರು ಕೈತಪ್ಪಿ ಹೋಗುತ್ತಿದ್ದ ಪಂದ್ಯವನ್ನು ಉಳಿಸಿದ ಓಮರ್ ಕೂಪರ್ ಇಂಡಿಯಾನಾಪೊಲಿಸ್ ಹುಡುಗ. ಮೈದಾನದ ಹಿಂದಿನ ಗೆರೆಯ ಹತ್ತಿರ ಗಾಳಿಯಲ್ಲಿ ಚೆಂಡು ಹಿಡಿದ, ಕಾಲ ಬೆರಳ ತುದಿ ಮಾತ್ರ ಒಳಗೆ ತಾಗಿತ್ತು. 27-24. ಫೈನಲ್‌ನಲ್ಲಿ ಮಯಾಮಿಯ ಕೊನೆಯ ಪಾಸ್ ಕಿತ್ತುಕೊಂಡ ಜಮಾರಿ ಶಾರ್ಪ್ ಕೂಡ ಹೈಸ್ಕೂಲ್‌ನಿಂದ ನೇರ ಬಂದವನು. ಇಬ್ಬರನ್ನೂ ಆರಿಸಿದ್ದು ಹಿಂದಿನ ಕೋಚ್ ಟಾಮ್ ಅಲೆನ್. ಕೆಲಸ ಕಳೆದುಕೊಂಡು ಹೋದ ಅವರಿಗೂ ಈ ಗೆಲುವಿನಲ್ಲಿ ಪಾಲಿದೆ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಈಗ ದುಡ್ಡಿನ ಮಾತು. ಹೌದು, ಕೊಡುತ್ತಾರೆ, ಮುಚ್ಚುಮರೆ ಏನಿಲ್ಲ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯ ಪ್ರಕಾರ, ಆ ಜುಲೈನಿಂದ ಕಾಲೇಜೇ ತನ್ನ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳಿಗೂ ಸೇರಿ 2.05 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೆ ಹೋಗುತ್ತದೆ. ಇದಲ್ಲದೆ ಜಾಹೀರಾತಿನ ದುಡ್ಡು ಬೇರೆ. ಹಳೇ ವಿದ್ಯಾರ್ಥಿಗಳೂ ಕೊಡುತ್ತಾರೆ. ಇಲ್ಲಿ ಓದಿದ ಉದ್ಯಮಿ ಮಾರ್ಕ್ ಕ್ಯೂಬನ್ ತಾನು ಫುಟ್‌ಬಾಲ್ ತಂಡಕ್ಕೆ ಹಣ ಕೊಟ್ಟಿದ್ದಾಗಿ ಅವರೇ ಹೇಳಿದ್ದಾರೆ. ಆದರೆ ದುಡ್ಡು ಒಂದರಿಂದಲೇ ಆಗುವುದಾಗಿದ್ದರೆ ಓಹಿಯೋ ಸ್ಟೇಟ್, ಟೆಕ್ಸಸ್, ಒರೆಗಾನ್‌ಗಳೇ ಪ್ರತಿ ವರ್ಷ ಗೆಲ್ಲಬೇಕಿತ್ತು, ಅಲ್ವಾ?

ಹುಡುಗರಿಗೆ ದುಡ್ಡು ಸಿಗುತ್ತಿರುವುದು ನನಗೆ ಸಂತೋಷವೇ. ಕೋಚ್‌ಗಳು ಲಕ್ಷಾಂತರ ಡಾಲರ್ ಸಂಬಳ ಎಣಿಸುವಾಗ ಮಂಡಿ ಮುರಿದುಕೊಂಡವನಿಗೆ ಫೀಸು, ಊಟ, ವಸತಿ ಬಿಟ್ಟು ಬೇರೇನೂ ಸಿಗದ ಕಾಲ ಹೋಯಿತಲ್ಲ. ನನಗೆ ನೋವಾಗುವುದು ಬೇರೆ ಕಡೆ. ಪೋರ್ಟಲ್‌ಗೆ ಹೆಸರು ಕೊಟ್ಟವರಿಗೆಲ್ಲ ಜಾಗ ಸಿಗುವುದಿಲ್ಲ. ಹೆಸರು ಕೊಟ್ಟ ಮೇಲೆ ಹಳೇ ಕಾಲೇಜು ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಫೋನ್ ಬರುತ್ತದೆ ಅಂತ ಕಾಯುತ್ತಾ ಕೂತ ಹುಡುಗರು ಎಷ್ಟೋ ಜನ. ಮೂರು ಕಾಲೇಜು ತಿರುಗಿದವನಿಗೆ ಒಂದು ಕಡೆ ಪಾಸಾದ ವಿಷಯ ಇನ್ನೊಂದು ಕಡೆ ಲೆಕ್ಕಕ್ಕೆ ಬರುವುದಿಲ್ಲ, ಡಿಗ್ರಿ ಮುಂದಕ್ಕೆ ಹೋಗುತ್ತದೆ. ಗೆದ್ದ ತಂಡದ ಮೆರವಣಿಗೆಯಲ್ಲಿ ಇವರು ಕಾಣುವುದಿಲ್ಲ.

ಇನ್ನು ಮುಂದಿನ ಸೀಸನ್. ಈ ಸಲ ಪೋರ್ಟಲ್ ತೆರೆದಿದ್ದು ಜನವರಿ 2ರಿಂದ 16ರವರೆಗೆ ಮಾತ್ರ. ಮೊದಲು ಬೇಸಿಗೆಗೆ ಮುಂಚೆ ಇನ್ನೊಂದು ಅವಕಾಶ ಇರುತ್ತಿತ್ತು, ಅದನ್ನು ತೆಗೆದುಹಾಕಿದ್ದಾರೆ. ಇಂಡಿಯಾನಾಕ್ಕೆ ಅದೇ ದಿನಗಳಲ್ಲಿ ಪ್ಲೇಆಫ್ ನಡೆಯುತ್ತಿತ್ತು. ಹೊಸ ವರ್ಷದ ದಿನ ರೋಸ್ ಬೌಲ್‌ನಲ್ಲಿ ಅಲಬಾಮಾವನ್ನು 38-3ರಲ್ಲಿ ಸೋಲಿಸಿದ ಮರುದಿನವೇ ಪೋರ್ಟಲ್ ತೆರೆಯಿತು. ಒಂದು ಕಡೆ ಒರೆಗಾನ್ ಆಟದ ವಿಡಿಯೋ, ಇನ್ನೊಂದು ಕಡೆ ಮುಂದಿನ ವರ್ಷಕ್ಕೆ ಬೇಕಾದ ಹುಡುಗರ ವಿಡಿಯೋ. ರಜೆಯಲ್ಲಿದ್ದ ಉಳಿದ ತಂಡಗಳಿಗೆ ಇಷ್ಟು ತೊಂದರೆ ಇರಲಿಲ್ಲ.

ಹಾಗಿದ್ದೂ ಒಳ್ಳೆಯವರನ್ನೇ ತಂದಿದ್ದಾರೆ. ಮೆಂಡೋಜಾ ಜಾಗಕ್ಕೆ ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯಿಂದ ಜಾಶ್ ಹೂವರ್. ಹೈಸ್ಕೂಲ್‌ನಲ್ಲಿದ್ದಾಗ ಇದೇ ಇಂಡಿಯಾನಾಕ್ಕೆ ಬರುತ್ತೇನೆ ಅಂದು ಕೊನೆಗೆ ಮನಸ್ಸು ಬದಲಿಸಿದ್ದವನು. ಪಕ್ಕಾ ಸಿಗ್ನೆಟ್ಟಿ ಆಯ್ಕೆ: ವರ್ಷಗಟ್ಟಲೆ ಆಡಿದ್ದಾನೆ, ಸಾವಿರಾರು ಗಜ ಎಸೆದಿದ್ದಾನೆ, ಒತ್ತಡ ಹೊಸದಲ್ಲ. ದೌರ್ಬಲ್ಯ ಒಂದೇ. ಆಗಾಗ ಚೆಂಡನ್ನು ಎದುರಾಳಿ ಕೈಗೆ ಕೊಟ್ಟುಬಿಡುತ್ತಾನೆ. ಮೆಂಡೋಜಾ ಅಂಥ ತಪ್ಪು ಮಾಡುತ್ತಿದ್ದುದು ತೀರಾ ಕಡಿಮೆ. ಚೆಂಡು ಹಿಡಿಯಲು ಮಿಶಿಗನ್ ಸ್ಟೇಟ್‌ನಿಂದ ನಿಕ್ ಮಾರ್ಷ್ ಬಂದಿದ್ದಾನೆ. ಎತ್ತರದ, ಗಟ್ಟಿ ಹುಡುಗ. ಜೊತೆಗೆ ಚಾರ್ಲಿ ಬೆಕರ್ ಇದ್ದಾನೆ. ಕಳೆದ ಸೀಸನ್ ಶುರುವಿನಲ್ಲಿ ಇವನ ಹೆಸರು ಕೇಳಿದವರೇ ಕಡಿಮೆ. ಮುಖ್ಯ ಆಟಗಾರನಿಗೆ ಗಾಯ ಆದಾಗ ಅವಕಾಶ ಸಿಕ್ಕಿತು, ದೊಡ್ಡ ಪಂದ್ಯಗಳಲ್ಲಿ ದೊಡ್ಡ ದೊಡ್ಡ ಚೆಂಡು ಹಿಡಿದ. ಇವನು ಪೋರ್ಟಲ್‌ನಿಂದ ಬಂದವನಲ್ಲ, ಹೈಸ್ಕೂಲ್‌ನಿಂದ ಬಂದು ಇಲ್ಲೇ ತಯಾರಾದವನು.

ನನಗೆ ಚಿಂತೆ ಇರುವುದು ರಕ್ಷಣೆಯಲ್ಲಿ. ಪಾಂಡ್ಸ್ ಇಲ್ಲ, ಕಮಾರಾ ಇಲ್ಲ, ಎದುರಾಳಿಯ ಆಟ ಓದಿ ಎಲ್ಲರನ್ನೂ ಸರಿಯಾದ ಜಾಗಕ್ಕೆ ನಿಲ್ಲಿಸುತ್ತಿದ್ದ ಏಡನ್ ಫಿಶರ್ ಇಲ್ಲ. ಮೂವರೂ ಜೇಮ್ಸ್ ಮ್ಯಾಡಿಸನ್ ಕಾಲದಿಂದ ರಕ್ಷಣಾ ಕೋಚ್ ಬ್ರಯಂಟ್ ಹೇನ್ಸ್ ಅವರ ಪಾಠ ಕಲಿತವರು. ಕಣ್ಸನ್ನೆ ಸಾಕಿತ್ತು. ಹೊಸಬರಲ್ಲಿ ಬಲ ಇರಬಹುದು, ವೇಗ ಇರಬಹುದು. ಆ ಹೊಂದಾಣಿಕೆ ಜನವರಿಯಲ್ಲಿ ಸಹಿ ಹಾಕಿದ ತಕ್ಷಣ ಬರುವುದಿಲ್ಲ.

ಇನ್ನೊಂದು ವಿಷಯಕ್ಕೆ ಜನ ಅಷ್ಟಾಗಿ ಗಮನ ಕೊಡುತ್ತಿಲ್ಲ. ಕೊರೊನಾ ಬಂದ 2020ರ ಸೀಸನ್ ಅನ್ನು ಆಟಗಾರರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿ ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷದ, ಬಲಿತ ಆಟಗಾರರು ಕೆಲವು ವರ್ಷ ಪೋರ್ಟಲ್‌ನಲ್ಲಿ ಧಾರಾಳವಾಗಿ ಸಿಗುತ್ತಿದ್ದರು. ಸಿಗ್ನೆಟ್ಟಿಯಂಥವರಿಗೆ ಅದು ಹಬ್ಬ. ಆ ಪೀಳಿಗೆ ಈಗ ಮುಗಿಯುತ್ತಾ ಬಂದಿದೆ. ಮೇಲಾಗಿ, ಇವರ ದಾರಿ ಈಗ ಎಲ್ಲರಿಗೂ ಗೊತ್ತು. ಸಣ್ಣ ಕಾಲೇಜಿನಲ್ಲಿ ಮೂರು ವರ್ಷ ಚೆನ್ನಾಗಿ ಆಡಿದವನಿಗೆ ಮೊದಲು ಇಂಡಿಯಾನಾ ಒಂದೇ ಫೋನ್ ಮಾಡುತ್ತಿತ್ತು ಅಂದರೆ, ಈಗ ಹತ್ತು ಕಡೆಯಿಂದ ಬರುತ್ತದೆ. ಬೆಲೆ ಏರುತ್ತದೆ. ಅದಕ್ಕೇ ಇನ್ನು ಎರಡು ಮೂರು ವರ್ಷದ ಮಟ್ಟಿಗೆ ಹೈಸ್ಕೂಲ್‌ನಿಂದ ಬರುವವರ ಮೇಲೆ ಜಾಸ್ತಿ ಕಣ್ಣಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಚಾಂಪಿಯನ್ ಹೆಸರು ಹೇಳಿ ಈಗ ಒಳ್ಳೆ ಹುಡುಗರ ಮನೆಗೆ ಹೋಗಬಹುದು. ಇನ್ನೂ ನಾಲ್ಕೈದು ಬೆಕರ್‌ಗಳು ಇಲ್ಲೇ ತಯಾರಾದರೆ ಪೋರ್ಟಲ್ ಬೆಲೆ ಎಷ್ಟಾದರೂ ತಂಡ ತಡೆದುಕೊಳ್ಳುತ್ತದೆ.

ಕೋಚ್ ಬಿಟ್ಟುಹೋಗುತ್ತಾರೆ ಅನ್ನುವ ಭಯ ಸದ್ಯಕ್ಕೆ ಬೇಡ. 2025ರ ಅಕ್ಟೋಬರ್‌ನಲ್ಲೇ ಎಂಟು ವರ್ಷದ ಒಪ್ಪಂದ ಆಯಿತು, ವರ್ಷಕ್ಕೆ ಸರಾಸರಿ 1.16 ಕೋಟಿ ಡಾಲರ್‌ನಂತೆ. ಆಟಗಾರರನ್ನು ಕರೆತರಲು ಇದೂ ಸಹಾಯ. ಬರುವ ಹುಡುಗ ಮೊದಲು ಕೇಳುವುದು ನೀವು ಇಲ್ಲಿ ಇರುತ್ತೀರಾ ಅಂತಲೇ.

ಪಂದ್ಯಗಳ ಪಟ್ಟಿಯೂ ಅನುಕೂಲವಾಗಿಯೇ ಇದೆ. ಲೀಗ್‌ನ ಹೊರಗಿನ ಮೂರು ಪಂದ್ಯಗಳು ನಾರ್ತ್ ಟೆಕ್ಸಸ್, ಹೋವರ್ಡ್, ವೆಸ್ಟರ್ನ್ ಕೆಂಟಕಿ ಎದುರು. ಓಹಿಯೋ ಸ್ಟೇಟ್, ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ) ಎರಡೂ ಬ್ಲೂಮಿಂಗ್ಟನ್‌ಗೇ ಬರುತ್ತವೆ. ಅದೇ ರಾಜ್ಯದ ವೈರಿ ಪರ್ಡ್ಯೂ ಕೂಡ ಈ ಸಲ ಇಲ್ಲಿಗೇ ಬರಬೇಕು. ಕಷ್ಟದ ಪ್ರಯಾಣ ಅಂದರೆ ಮಿಶಿಗನ್ ಮತ್ತು ದೂರದ ವಾಷಿಂಗ್ಟನ್. ಲೀಗ್‌ನಲ್ಲಿ ಒಂದೋ ಎರಡೋ ಸೋಲು ಅಂತ ನಾನು ಇಟ್ಟುಕೊಂಡಿದ್ದೇನೆ. ಅಷ್ಟಕ್ಕೆ ಪ್ಲೇಆಫ್ ತಪ್ಪುವುದಿಲ್ಲ. ಆಮೇಲೆ ಏನು ಬೇಕಾದರೂ ಆಗಬಹುದು.

ನೀವೂ ನೋಡುವುದಾದರೆ, ಅಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಬರುತ್ತದೆ, ಆರಾಮಾಗಿ ನೋಡಬಹುದು. ಸಂಜೆ ಪಂದ್ಯವಾದರೆ ಭಾನುವಾರ ಬೆಳಗಿನ ಜಾವ ಏಳಬೇಕು. ಮೊದಲ ಮೂರು ಪಂದ್ಯದಲ್ಲಿ ಸ್ಕೋರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹೇಗೂ ಗೆಲ್ಲುತ್ತಾರೆ. ಹೂವರ್ ಎಷ್ಟು ಸಲ ಚೆಂಡು ಎದುರಾಳಿಗೆ ಕೊಡುತ್ತಾನೆ ಅಂತ ಮಾತ್ರ ಎಣಿಸಿ. ಅದು ಎರಡು ಮೂರರ ಒಳಗಿದ್ದರೆ ಈ ತಂಡ ಡಿಸೆಂಬರ್ ದಾಟಿ ಆಡುತ್ತದೆ. ಮಗಳಿಗೆ ವಿದ್ಯಾರ್ಥಿಗಳ ಟಿಕೆಟ್ ಬೇಗ ತೆಗೆದುಕೊಳ್ಳಲು ಹೇಳಿ. ಮುಂಚೆ ಅರ್ಧ ಖಾಲಿ ಇರುತ್ತಿದ್ದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಓಹಿಯೋ ಸ್ಟೇಟ್ ಬರುವ ದಿನ ಕೂರಲು ಜಾಗ ಸಿಗುವುದಿಲ್ಲ.